ಗಡಿಗೆಯೊಳಗಿನ ಕೂಸು

ಮುದ್ದೇಬಿಹಾಳದಿಂದ ತಾಳಿಕೋಟೆ ದಾಟಿ ಮೂಡಣಕ್ಕೆ ಹೋದರೆ ಹುಣಸಗಿ ಸೀಮೆ. ಅಲ್ಲಿನ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1990ರ ದಶಕದಲ್ಲಿ ನವಶಿಲಾಯುಗದ ಬೂದಿದಿಬ್ಬವೊಂದನ್ನು ಅಗೆಸಿದರು. ಸಗಣಿಯ ರಾಶಿ ಸುಟ್ಟು ಆದ ದಿಬ್ಬ ಅದು. ವಯಸ್ಸು ಸುಮಾರು 4,000 ವರ್ಷ. ಪಕ್ಕದಲ್ಲೇ ದನಗಾಹಿಗಳ ಮನೆಗಳ ಗುರುತು, ಆ ವಸತಿಯೊಳಗೇ ಮಕ್ಕಳನ್ನು ಹೂತ ಗಡಿಗೆಗಳು.

ಬ್ರಹ್ಮಗಿರಿ, ತೆಕ್ಕಲಕೋಟೆಯಲ್ಲೂ ಇಂಥವು ಸಿಕ್ಕಿವೆ. ಮಹಾರಾಷ್ಟ್ರದ ಇನಾಮಗಾಂವದಲ್ಲಿ ಎರಡು ಗಡಿಗೆಗಳ ಬಾಯಿ ಕೂಡಿಸಿ, ಒಳಗೆ ಕೂಸನ್ನಿಟ್ಟು ಮನೆಯ ನೆಲದಡಿ ಹೂತಿದ್ದಾರೆ. ಗಡಿಗೆಯೆಂದರೆ ತಾಯಿಯ ಗರ್ಭ ಎಂದು ವಿವರಿಸುವವರಿದ್ದಾರೆ. ಇದ್ದೀತು, ಆದರೆ ಪರೀಕ್ಷಿಸಿ ನೋಡುವ ದಾರಿಯಿಲ್ಲ. ನನಗೆ ಹಲ್ಲಿನ ಸಾಕ್ಷಿಯೇ ಮೇಲು.

ಹಾಲುಹಲ್ಲು ರೂಪುಗೊಳ್ಳುವುದು ಬಸಿರಿನಲ್ಲೇ ಶುರು. ಹೆರಿಗೆಯ ಹೊತ್ತಿನ ಏರುಪೇರು ಹಲ್ಲಿನ ಎನಾಮಲ್‌ನಲ್ಲಿ ಒಂದು ಗೆರೆಯಾಗಿ ಉಳಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಆ ಗೆರೆ ಸ್ಪಷ್ಟವಾಗಿ ಕಂಡರೆ ಕೂಸು ಹುಟ್ಟಿ ಕೆಲವು ದಿನವಾದರೂ ಬದುಕಿತ್ತು. ಆಚೆಗಿನ ಪದರ ಎಣಿಸಿದರೆ ಎಷ್ಟು ದಿನವೆಂಬ ಅಂದಾಜೂ ಸಿಗುತ್ತದೆ. ಎದೆಹಾಲಿನ ಲೆಕ್ಕ ಮೂಳೆಯಲ್ಲಿದೆ. ಹಾಲುಣ್ಣುವ ಕೂಸು ಒಂದರ್ಥದಲ್ಲಿ ತಾಯಿಯ ಮೈಯನ್ನೇ ಉಣ್ಣುತ್ತದೆ. ಆದ್ದರಿಂದ ಭಾರವಾದ ಸಾರಜನಕದ ಪ್ರಮಾಣ ಅದರ ಮೂಳೆಯ ಪ್ರೋಟೀನಿನಲ್ಲಿ ತಾಯಿಗಿಂತ ಸಾವಿರಕ್ಕೆ 2–3ರಷ್ಟು ಹೆಚ್ಚು. ಹಾಲು ಬಿಡಿಸಿದ ಮೇಲೆ ಮೆಲ್ಲಗೆ ಇಳಿಯುತ್ತದೆ. ನಮ್ಮ ಬಿಸಿಲುನಾಡಿನ ಮಣ್ಣಿನಲ್ಲಿ ಆ ಪ್ರೋಟೀನು ಉಳಿಯುವುದೇ ಕಷ್ಟ. ಆಗ ಎದೆಹಾಲಿನ ಗುರುತಿಗೆ ಎನಾಮಲ್‌ನಲ್ಲಿರುವ ಬೇರಿಯಂ ನೋಡಬೇಕು.

ಹಾಲು ಬಿಡಿಸಿದ್ದು ಯಾವಾಗ ಎಂಬುದಕ್ಕೆ ಇಷ್ಟು ಬೆಲೆ ಏಕೆ? ಕೂಸು ಹಗಲಿರುಳು ಎದೆಹಾಲು ಕುಡಿಯುತ್ತಿದ್ದರೆ ತಾಯಿಯಲ್ಲಿ ಅಂಡೋತ್ಪತ್ತಿ ತಡವಾಗುತ್ತದೆ. ಅಲೆಮಾರಿ ಬೇಟೆಗಾರರಲ್ಲಿ ಎರಡು ಹೆರಿಗೆಗಳ ನಡುವೆ ಮೂರು-ನಾಲ್ಕು ವರ್ಷದ ಅಂತರ ಸಾಮಾನ್ಯ. ದನ ಕಟ್ಟಿ, ಹುರುಳಿ, ಹೆಸರು, ಕೊರಲೆ ಬೆಳೆದವರಿಗೆ ಬೇರೆ ದಾರಿ ತೆರೆಯಿತು: ಕೂಸಿಗೆ ಗಂಜಿ, ದನದ ಹಾಲು. ಜರ್ಮನಿಯ ಬವೇರಿಯಾದಲ್ಲಿ ಮಕ್ಕಳ ಗೋರಿಗಳಲ್ಲಿ ಸಿಕ್ಕ ಮೂತಿಯಿರುವ ಪುಟ್ಟ ಮಡಕೆಗಳಲ್ಲಿ ಮೆಲುಕು ಹಾಕುವ ಪ್ರಾಣಿಗಳ ಹಾಲಿನ ಕೊಬ್ಬು ಅಂಟಿತ್ತೆಂದು ಜೂಲಿ ಡನ್ ಮತ್ತು ಸಂಗಡಿಗರು 2019ರಲ್ಲಿ ತೋರಿಸಿದರು. ಅತಿ ಹಳೆಯದಕ್ಕೆ 3,000 ವರ್ಷ ದಾಟಿದೆ.

ಎದೆಹಾಲು ಬೇಗ ಬಿಟ್ಟರೆ ಮುಂದಿನ ಬಸಿರೂ ಬೇಗ. ಆದರೆ ಕೊಳೆ ನೀರಿನ ಗಂಜಿಯಿಂದ ಭೇದಿ, ಮಂದೆಯ ಸಹವಾಸದಿಂದ ರೋಗ. ವ್ಯವಸಾಯದ ಊರುಗಳು ಬೆಳೆದದ್ದು ಹೆಚ್ಚು ಕೂಸು ಉಳಿದದ್ದರಿಂದಲ್ಲ, ಹೆಚ್ಚು ಹೆತ್ತದ್ದರಿಂದ ಎಂಬುದು ಅನೇಕ ಪುರಾತತ್ವಜ್ಞರ ವಾದ. ದೇವಿಯ ಮೂರ್ತಿಗಳನ್ನಷ್ಟೇ ನೋಡಿ ಪ್ರಾಚೀನ ತಾಯ್ತನವನ್ನು ಹಾಡಿ ಹೊಗಳುವವರು ಈ ಲೆಕ್ಕ ತೆಗೆಯುವುದಿಲ್ಲ.

ಮತ್ತೆ ಹೂಳುವ ಮಾತಿಗೆ ಬಂದರೆ, ಹಲ್ಲು ಮೂಡದ ಕೂಸನ್ನು ಸುಡುವ ರೂಢಿಯಿಲ್ಲವೆಂದು ರೋಮಿನ ಪ್ಲಿನಿ ಒಂದನೇ ಶತಮಾನದಲ್ಲಿ ಬರೆದ. ಇಂಡಿ, ಸಿಂದಗಿ ಕಡೆ ಹೆಣ ಸುಡುವ ಮನೆತನಗಳೂ ಎಳೆಗೂಸನ್ನು ಈಗಲೂ ಹೂಳುವುದೇ. ಗಡಿಗೆ ಮಾತ್ರ ಬಿಟ್ಟುಹೋಗಿದೆ.