ಮಸಾರಿ ಮಣ್ಣಿನಲ್ಲಿ ಐದು ಬೆರಳು

ಕರ್ನಾಟಕದ ಕಾಡು, ಗುಡ್ಡಗಳಲ್ಲಿ ಇರುವುದು ಒಂದೇ ಜಾತಿಯ ಕರಡಿ. ಮೈತುಂಬ ಜಡೆಗಟ್ಟಿದ ಕರಿ ಕೂದಲು, ಎದೆಯ ಮೇಲೆ ಬಿಳಿ ಪಟ್ಟೆ, ಉದ್ದ ಮೂತಿ. ಹೀಗಾಗಿ ನಮ್ಮ ಕಡೆ ‘ಇದು ಯಾವ ಕರಡಿಯ ಹೆಜ್ಜೆ’ ಎಂದು ಯಾರೂ ಕೇಳುವುದಿಲ್ಲ. ‘ಇದು ಕರಡಿಯದೋ, ಬೇರೆ ಪ್ರಾಣಿಯದೋ’ ಎಂದೇ ಕೇಳುತ್ತಾರೆ. ಹುನಗುಂದ ತಾಲೂಕಿನ ಶಾಲೆಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ನನಗೆ ಹಳೆಯ ವಿದ್ಯಾರ್ಥಿಗಳು ಮಳೆಯ ಮರುದಿನ ಬೆಳಿಗ್ಗೆ ಮೊಬೈಲಿನಲ್ಲಿ ಫೋಟೋ ಕಳಿಸಿ ಕೇಳುವುದೂ ಇದನ್ನೇ. ಮೊನ್ನೆ ಇಳಕಲ್ಲ ಕಡೆಯ ಹಳ್ಳಿಯೊಂದರಿಂದ ಒಬ್ಬ ಫೋನ್ ಮಾಡಿದ.

“ಸರ, ನಮ್ಮ ಹೊಲದಾಗ ಕರಡಿ ಹಾದು ಹೋಗೇತ್ರಿ. ಹೆಜ್ಜಿ ಮೂಡ್ಯಾವ.”

“ಬೆರಳು ಎಷ್ಟು ಅದಾವ, ಎಣಿಸು.”

“ನಾಕ್ರಿ.”

“ಹಂಗಾರ ಕರಡಿ ಅಲ್ಲಪಾ.”

ನಾಯಿ, ತೋಳ, ನರಿ, ಕತ್ತೆಕಿರುಬ, ಚಿರತೆ, ಇವೆಲ್ಲ ನೆಲದ ಮೇಲೆ ನಾಲ್ಕೇ ಬೆರಳು ಒತ್ತುವ ಪ್ರಾಣಿಗಳು. ಬೀಳಗಿ, ಮುಧೋಳ ತಾಲೂಕುಗಳ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮದಂಥ ಕುರುಚಲು ಕಾಡಿನಲ್ಲಿ ಕಾಣುವುದು ಹೆಚ್ಚಾಗಿ ಇಂಥ ಹೆಜ್ಜೆಗಳೇ. ಚಿರತೆ ನಡೆಯುವಾಗ ಉಗುರನ್ನು ಒಳಗೆಳೆದುಕೊಂಡಿರುತ್ತದೆ, ಅದರ ಗುರುತಿನಲ್ಲಿ ಉಗುರು ಕಾಣದು. ಕತ್ತೆಕಿರುಬನ ಮುಂಗಾಲು ಹಿಂಗಾಲಿಗಿಂತ ಎದ್ದು ಕಾಣುವಷ್ಟು ದೊಡ್ಡದು. ತೋಳ ದೂರದವರೆಗೆ ನೇರ ಸಾಲು ಹಿಡಿದು ನಡೆಯುತ್ತದೆ. ಊರ ನಾಯಿ ಅಲ್ಲಿ ಇಲ್ಲಿ ಮೂಸುತ್ತ ಅಡ್ಡಾದಿಡ್ಡಿ ಹೋಗುತ್ತದೆ. ಇಷ್ಟು ತಿಳಿದರೆ ನನಗೆ ಬರುವ ಫೋಟೋಗಳಲ್ಲಿ ಹೆಚ್ಚಿನವು ಅಲ್ಲಿಗೇ ಮುಗಿಯುತ್ತವೆ.

ಆದರೂ ಎಲ್ಲವನ್ನೂ ಭ್ರಮೆ ಎಂದು ತಳ್ಳಿಹಾಕುವಂತಿಲ್ಲ. ಇಳಕಲ್ಲ ದಾಟಿದರೆ ಕುಷ್ಟಗಿ, ಅದರಾಚೆ ಕೊಪ್ಪಳ, ಗಂಗಾವತಿಯ ಬಂಡೆಗುಡ್ಡಗಳು. ಆ ಸಾಲು ತುಂಗಭದ್ರೆ ದಾಟಿ ಕಮಲಾಪುರದ ಹತ್ತಿರದ ದರೋಜಿಯವರೆಗೆ ಚಾಚಿದೆ. ಬಂಡೆಗಳ ನಡುವಿನ ಗವಿ, ಸುತ್ತ ಕಾರೆ, ಬಾರೆ, ಈಚಲು, ನೆಲದ ತುಂಬ ಹುತ್ತ. ಕರಡಿಗೆ ಇನ್ನೇನು ಬೇಕು? ದರೋಜಿಯಲ್ಲಿ ಕರಡಿಗೆಂದೇ 1994ರಲ್ಲಿ ಧಾಮ ಘೋಷಣೆಯಾಯಿತು. ಕೂಡ್ಲಿಗಿ ತಾಲೂಕಿನ ಗುಡೇಕೋಟೆಯಲ್ಲಿ 2013ರಲ್ಲಿ ಇನ್ನೊಂದು ಬಂತು.

ಕರಡಿಯ ಹೆಜ್ಜೆ ನೋಡಬೇಕಾದರೆ ಹಳ್ಳದ ದಂಡೆಯ ಹಸಿ ಉಸುಕಿಗೆ, ಇಲ್ಲವೇ ಮಸಾರಿ ಹೊಲಕ್ಕೆ ಹೋಗಬೇಕು. ಎರಿ ಮಣ್ಣು ಕಾಲಿಗೆ ಮೆತ್ತಿಕೊಂಡು ಗುರುತನ್ನು ಕೆಡಿಸುತ್ತದೆ, ಒಣಗಿದಾಗ ಬಿರುಕು ಬಿಡುತ್ತದೆ. ಮಸಾರಿ ಮಣ್ಣು, ಅದರಲ್ಲೂ ಸಣ್ಣ ಮಳೆ ಬಿದ್ದು ಆರುತ್ತಿರುವ ಮಸಾರಿ, ಅಚ್ಚು ಹಾಕಿದಂತೆ ಗುರುತು ಹಿಡಿಯುತ್ತದೆ. ಅಂಥ ಮಣ್ಣಿನಲ್ಲಿ ಕರಡಿಯ ಮುಂಗಾಲಿನ ಗುರುತಿನ ಪಕ್ಕ ಮೊಣಕಾಲೂರಿ ಕುಳಿತು ನೋಡಿ. ಐದು ಬೆರಳು ಕಮಾನಿನಂತೆ ಬಾಗದೆ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ, ಒಂದಕ್ಕೊಂದು ತಾಗಿಕೊಂಡು ಕೂತಿರುತ್ತವೆ. ಬೆರಳುಗಳ ಬುಡವನ್ನು ಕೂದಲಿಲ್ಲದ ಚರ್ಮ ಜೋಡಿಸಿರುವುದರಿಂದ ನುಣುಪು ಮಣ್ಣಿನಲ್ಲಿ ಐದೂ ಸೇರಿ ಒಂದೇ ಪಟ್ಟಿಯಂತೆ ಕಾಣುವುದುಂಟು. ಬೆರಳಿನಿಂದ ಎರಡು ಬೆರಳಗಲ, ಕೆಲವೊಮ್ಮೆ ಇನ್ನೂ ದೂರದಲ್ಲಿ, ಐದು ಚುಕ್ಕೆಗಳು ಮಣ್ಣಿಗೆ ಇಳಿದಿರುತ್ತವೆ. ಅವು ಉಗುರು. ಪಾದದ ದಿಕ್ಕು ಸ್ವಲ್ಪ ಒಳಮುಖ.

ಆ ಉಗುರಿನಲ್ಲೇ ಈ ಪ್ರಾಣಿಯ ಬದುಕೆಲ್ಲ ಇದೆ. ಮುಂಗಾಲಿನ ಉಗುರು 8 ಸೆಂಟಿಮೀಟರು, ಅದಕ್ಕಿಂತಲೂ ಉದ್ದ ಬೆಳೆಯುತ್ತದೆ. ಬೇಸಿಗೆಯಲ್ಲಿ ಕಲ್ಲಿನಂತಾದ ಹುತ್ತವನ್ನು ಬಗೆಯಲು ಅದಕ್ಕೆ ಉಗುರೇ ಗುದ್ದಲಿ. ಹುತ್ತ ಒಡೆದು, ಮೂತಿ ಒಳಗಿಟ್ಟು ಮೊದಲು ಧೂಳನ್ನು ಊದಿ ತೆಗೆಯುತ್ತದೆ, ಆಮೇಲೆ ಗೆದ್ದಲನ್ನು ಹೀರುತ್ತದೆ. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಅದಕ್ಕಿಲ್ಲ, ಹೀರುವುದಕ್ಕೆ ಆ ಸಂದೇ ದಾರಿ. 1791ರಲ್ಲಿ ಇಂಗ್ಲೆಂಡಿನ ಜಾರ್ಜ್ ಶಾ ಎಂಬ ಪ್ರಾಣಿಶಾಸ್ತ್ರಜ್ಞ ಈ ಉಗುರು, ಈ ಹಲ್ಲು ನೋಡಿ ನಮ್ಮ ಕರಡಿಯನ್ನು ದಕ್ಷಿಣ ಅಮೆರಿಕದ ಮರಗಳಲ್ಲಿ ನೇತಾಡುವ ಸ್ಲಾತ್‌ಗಳ ಗುಂಪಿಗೆ ಸೇರಿಸಿಬಿಟ್ಟಿದ್ದ. ಅದು ಕರಡಿಯೇ ಎಂದು ವಿಜ್ಞಾನ ಒಪ್ಪಿದ್ದು ಮುಂದೆ.

ಹಿಂಗಾಲಿನ ಗುರುತು ಜನರನ್ನು ಬೆಚ್ಚಿಬೀಳಿಸುತ್ತದೆ. ಕರಡಿ ನಮ್ಮ ಹಾಗೆ ಹಿಮ್ಮಡಿ ಊರಿ ನಡೆಯುವ ಪ್ರಾಣಿ. ಉದ್ದ ಪಾದ, ಐದು ಬೆರಳು, ಹಿಮ್ಮಡಿ ಎಲ್ಲವೂ ಮೂಡುತ್ತವೆ. ಬರಿಗಾಲಿನ ಮನುಷ್ಯನ ಹೆಜ್ಜೆಯೆಂದು ತಿಳಿಯುವುದು ಸಹಜ. ಒಂದು ಗುಟ್ಟು ಹೇಳುತ್ತೇನೆ. ನಮ್ಮ ಹೆಬ್ಬೆರಳು ಒಳಗಡೆ ಇದೆ, ಕಿರುಬೆರಳು ಹೊರಗಡೆ. ಕರಡಿಯದು ತಿರುಗಾಮುರುಗಾ: ದೊಡ್ಡ ಬೆರಳು ಹೊರಗೆ, ಸಣ್ಣದು ಒಳಗೆ.

ಕರಡಿಯದಲ್ಲದ ಐದು ಬೆರಳೂ ಇವೆ. ಮುಳ್ಳುಹಂದಿಯ ಹಿಂಗಾಲು ಮರಿಕರಡಿಯದೆಂಬ ಭ್ರಮೆ ಹುಟ್ಟಿಸುತ್ತದೆ. ಅಕ್ಕಪಕ್ಕ ಮುಳ್ಳು ಎಳೆದ ಗೀರುಗಳಿದ್ದರೆ ಅನುಮಾನ ಬೇಡ. ಇನ್ನೊಂದು ತರಕರಡಿ. ಹೆಸರಲ್ಲಿ ಕರಡಿ ಇದ್ದರೂ ಅದು ಮುಂಗುಸಿಗಿಂತ ದೊಡ್ಡದಾದ, ಬೇರೆ ಕುಲದ ಪ್ರಾಣಿ. ಅದಕ್ಕೂ ಐದು ಬೆರಳು, ಅದಕ್ಕೂ ನೆಲ ಅಗೆಯುವ ಉದ್ದುಗುರು. ಗಾತ್ರವೇ ಇಲ್ಲಿ ಉತ್ತರ: ತರಕರಡಿಯ ಪಾದ ನಮ್ಮ ಅಂಗೈ ಮಧ್ಯಕ್ಕೆ ಸಾಲುತ್ತದೆ, ಬೆಳೆದ ಕರಡಿಯದು ಅಂಗೈಯನ್ನೇ ಮುಚ್ಚುತ್ತದೆ. ರಾತ್ರಿ ಸಂಚಾರಿಯಾದ ತರಕರಡಿ ಕಣ್ಣಿಗೆ ಬೀಳುವುದೇ ಅಪರೂಪ. ವನ್ಯಜೀವಿ ತಜ್ಞ ಸಂಜಯ್ ಗುಬ್ಬಿಯವರ ತಂಡ ಕಾವೇರಿ ವನ್ಯಜೀವಿಧಾಮದಲ್ಲಿ ಕಟ್ಟಿದ್ದ ಕ್ಯಾಮೆರಾಗಳಲ್ಲಿ ಅದು ಸಿಕ್ಕಾಗ ದೊಡ್ಡ ಸುದ್ದಿಯಾಗಿತ್ತು.

ಇನ್ನು ಜಾತಿ ಗುರುತಿಸುವ ಮಾತು. ಜಗತ್ತಿನಲ್ಲಿ ಕರಡಿ ಎಂಟು ಜಾತಿ, ಭಾರತದಲ್ಲಿ ನಾಲ್ಕು. ಹಿಮಾಲಯದ ಕಪ್ಪು ಕರಡಿ ಮರ ಹತ್ತುವುದರಲ್ಲಿ ನಿಪುಣ. ಉಗುರು ಗಿಡ್ಡ, ಬಾಗಿದ್ದು, ಆದ್ದರಿಂದ ಉಗುರಿನ ಗುರುತು ಬೆರಳಿನ ಹತ್ತಿರವೇ ಬೀಳುತ್ತದೆ. ಬೆರಳುಗಳು ಕಮಾನಾಗಿರುತ್ತವೆ. ಕಾಶ್ಮೀರ, ಲಡಾಖಿನ ಎತ್ತರದಲ್ಲಿರುವ ಕಂದು ಕರಡಿ ನೆಲ ಅಗೆಯುವುದರಿಂದ ಅದರ ಉಗುರು ಉದ್ದ, ಬೆರಳು ಸಾಲು ನೇರ. ಆದರೆ ನಮ್ಮ ಕರಡಿಯಂತೆ ಬೆರಳ ನಡುವೆ ಬೆಸುಗೆಯಿಲ್ಲ. ಈಶಾನ್ಯದ ಕಾಡುಗಳ ಸೂರ್ಯಕರಡಿ ಎಲ್ಲಕ್ಕಿಂತ ಸಣ್ಣದು. ಅಮೆರಿಕದಲ್ಲಿ ಕಪ್ಪು ಕರಡಿಗೂ ಕಂದು ಕರಡಿಗೂ ಭೇದ ತಿಳಿಯಲು ಒಂದು ಸರಳ ಉಪಾಯವಿದೆ. ಮುಂಗಾಲಿನ ಗುರುತಿನಲ್ಲಿ ಹೊರಗಿನ ದೊಡ್ಡ ಬೆರಳಿನ ಬುಡದಿಂದ ಅಂಗಾಲಿನ ಮುಂದಿನ ಅಂಚನ್ನು ತಾಗುವಂತೆ ಒಂದು ಕಡ್ಡಿ ಇಡುತ್ತಾರೆ. ಒಳಗಿನ ಸಣ್ಣ ಬೆರಳಿನ ಬಹುಭಾಗ ಕಡ್ಡಿಯ ಮೇಲುಗಡೆ ಉಳಿದರೆ ಕಂದು ಕರಡಿ, ಕೆಳಗೆ ಜಾರಿದ್ದರೆ ಕಪ್ಪು ಕರಡಿ.

ಹೆಜ್ಜೆ ಓದಲು ಬಾರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹಿಮಾಲಯದ ‘ಯೇತಿ’ ಎಂಬ ಹಿಮಮಾನವನ ಕಥೆಯೇ ಸಾಕ್ಷಿ. ನಿಧಾನವಾಗಿ ನಡೆಯುವ ಕರಡಿಯ ಹಿಂಗಾಲು ಮುಂಗಾಲಿನ ಗುರುತಿನ ಮೇಲೆ ಅರ್ಧ ಬೀಳುತ್ತದೆ. ಎರಡು ಸೇರಿ ಒಂದೇ ದೈತ್ಯ ಪಾದವಾಗುತ್ತದೆ. ಬಿಸಿಲಿಗೆ ಹಿಮ ಕರಗಿದರೆ ಇನ್ನಷ್ಟು ಹಿಗ್ಗುತ್ತದೆ. 2019ರ ಏಪ್ರಿಲ್‌ನಲ್ಲಿ ನಮ್ಮ ಸೇನೆಯೇ ಮಕಾಲು ಪರ್ವತದ ಬುಡದ ಶಿಬಿರದ ಬಳಿ 32 ಇಂಚು ಉದ್ದದ ‘ಯೇತಿ’ ಹೆಜ್ಜೆ ಕಂಡಿದ್ದಾಗಿ ಚಿತ್ರ ಪ್ರಕಟಿಸಿತ್ತು. ಅದಕ್ಕೂ ಮೊದಲು 2017ರಲ್ಲಿ, ಯೇತಿಯದೆನ್ನಲಾದ ಮೂಳೆ, ಚರ್ಮ, ಕೂದಲಿನಂಥ ಒಂಬತ್ತು ಮಾದರಿಗಳ ಡಿಎನ್ಎ ಪರೀಕ್ಷೆ ನಡೆದಿತ್ತು. ಎಂಟು ಕರಡಿಯವು, ಒಂದು ನಾಯಿಯದು.

ನಮ್ಮಲ್ಲಿ ಯೇತಿಯ ಭಯವಿಲ್ಲ, ವದಂತಿಯ ಭಯವಿದೆ. ‘ಕರಡಿ ಬಂದೈತಿ’ ಎಂಬ ಸುದ್ದಿ ಹಬ್ಬಿದರೆ ಬಡಿಗೆ ಹಿಡಿದು ಗುಂಪು ಹೊರಡುತ್ತದೆ, ಗುಡ್ಡದ ಹುಲ್ಲಿಗೆ ಬೆಂಕಿ ಬೀಳುತ್ತದೆ. ಕರಡಿಗೆ ಮೂಗು ಬಲು ಚುರುಕು, ಕಣ್ಣು ಮಂದ. ಮೂತಿ ಹುತ್ತದಲ್ಲಿಟ್ಟುಕೊಂಡಿರುವಾಗ ಮನುಷ್ಯ ಹತ್ತಿರ ಬಂದದ್ದೇ ಅದಕ್ಕೆ ತಿಳಿಯದು. ತಟ್ಟನೆ ಕಂಡಾಗ ಹೆದರಿ ಮೇಲೆ ಬೀಳುತ್ತದೆ. ಬೆನ್ನ ಮೇಲೆ ಮರಿ ಹೊತ್ತ ತಾಯಿಯಾದರಂತೂ ಕೇಳುವುದೇ ಬೇಡ. ಸುತ್ತುವರಿದ ಗುಂಪಿನಿಂದ ಅದು ತಪ್ಪಿಸಿಕೊಳ್ಳುವ ದಾರಿಯಲ್ಲಿ ಯಾರದೋ ಮುಖ, ಯಾರದೋ ಕೈ ಹೋಗುತ್ತದೆ. ತಪ್ಪು ಕರಡಿಯದೂ ಅಲ್ಲ, ಗಾಯಗೊಂಡವನದೂ ಅಲ್ಲ.

ಆದ್ದರಿಂದ ಹೊಲದಲ್ಲಿ ಅನುಮಾನದ ಹೆಜ್ಜೆ ಕಂಡರೆ ಅದನ್ನು ತುಳಿಯಬೇಡಿ, ಬುಟ್ಟಿ ಮುಚ್ಚಿಡಿ. ಪಕ್ಕದಲ್ಲಿ ಕಡ್ಡಿಪೆಟ್ಟಿಗೆ ಇಟ್ಟು ನೇರ ಮೇಲಿನಿಂದ ಫೋಟೋ ತೆಗೆಯಿರಿ. ಬೆಳಗಿನ ಎಳೆಬಿಸಿಲಲ್ಲಿ ಬೆರಳು, ಉಗುರು ಸ್ಪಷ್ಟವಾಗಿ ಕಾಣುತ್ತವೆ. ಸುತ್ತ ಹುತ್ತ ಬಗೆದಿದೆಯೇ, ಹಣ್ಣಿನ ಬೀಜ ತುಂಬಿದ ಲದ್ದಿ ಬಿದ್ದಿದೆಯೇ ನೋಡಿ. ಐದು ಬೆರಳು, ಉದ್ದುಗುರು ಖಚಿತವಾದರೆ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ರಾತ್ರಿ ಕರೆಂಟ್ ಬಂದಾಗ ನೀರು ಹಾಯಿಸಲು ಹೋಗುವವರು ಒಬ್ಬರೇ ಹೋಗಬೇಡಿ. ಬ್ಯಾಟರಿ ಹಿಡಿದು, ಗಟ್ಟಿಯಾಗಿ ಮಾತಾಡುತ್ತ ಹೋಗಿ. ನಿಮ್ಮ ದನಿ ದೂರದಿಂದಲೇ ಕೇಳಿದರೆ ಕರಡಿ ತಾನಾಗಿಯೇ ದಾರಿ ಬಿಡುತ್ತದೆ.