ಎಂಎ: ‘ಯಾವ ವಿಷಯ?’ ಅನ್ನೋದಕ್ಕಿಂತ ‘ಯಾವ ವಿಭಾಗ?’ ಅನ್ನೋದು ಮುಖ್ಯ

ಪದವಿಯ ಕೊನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನನಗೆ ಬರುವ ಮೆಸೇಜುಗಳಲ್ಲಿ ಒಂದು ಪ್ರಶ್ನೆ ಕಾಯಂ: ‘ಅಕ್ಕಾ, ಯಾವುದರಲ್ಲಿ ಎಂಎ ಮಾಡಿದ್ರೆ ಸ್ಕೋಪ್ ಇದೆ?’ ಕೇಳುವವರಲ್ಲಿ ಹೆಚ್ಚಿನವರು ತಮ್ಮ ಮನೆಯಲ್ಲಿ ಮೊದಲ ಬಾರಿಗೆ ಎಂಎವರೆಗೆ ಬಂದವರು. ಕೇಳಿ ತಿಳ್ಕೊಳ್ಳೋಕೆ ಅವರಿಗೆ ಮನೆಯಲ್ಲಿ ಯಾರೂ ಇಲ್ಲ.

ಇತಿಹಾಸದಲ್ಲಿ ಎಂಎ ಮಾಡಿದ ನಾನು ಅವರಿಗೆ ಹೇಳೋದು ಇಷ್ಟು: ಇತಿಹಾಸ, ಸಮಾಜಶಾಸ್ತ್ರ, ಕನ್ನಡ, ರಾಜ್ಯಶಾಸ್ತ್ರ, ಇವುಗಳ ನಡುವೆ ‘ಸ್ಕೋಪ್’ ವಿಚಾರದಲ್ಲಿ ದೊಡ್ಡ ಅಂತರವಿಲ್ಲ. ಒಂದೇ ವಿಷಯವನ್ನು ಕಲಿಸುವ ಎರಡು ವಿಭಾಗಗಳ ನಡುವೆ ಮಾತ್ರ ಅಜಗಜಾಂತರ ಇರುತ್ತೆ.

ಎಂಎ ಎಲ್ಲೆಲ್ಲಿಗೆ ಕರೆದೊಯ್ಯುತ್ತೆ?

ಮೊದಲು ದಾರಿಗಳನ್ನು ನೋಡೋಣ. ಪದವಿ ಕಾಲೇಜು ಅಥವಾ ವಿವಿಯಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಎಂಎ ಜೊತೆ ನೆಟ್ ಅಥವಾ ಕೆಸೆಟ್ ಬೇಕು. ಪಿಎಚ್‌ಡಿ ಕಡ್ಡಾಯ ಎಂಬ ನಿಯಮವನ್ನು ಯುಜಿಸಿ 2023ರ ಜುಲೈನಲ್ಲಿ ಕೈಬಿಟ್ಟಿದೆ. ನೆಟ್ ಬರೆಯಲು ಎಂಎಯಲ್ಲಿ ಶೇ. 55 ಅಂಕ ಬೇಕು, ಎಸ್‌ಸಿ, ಎಸ್‌ಟಿ, ಒಬಿಸಿ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ. 50. ಜೆಆರ್‌ಎಫ್ ಸಿಕ್ಕರೆ ಸಂಶೋಧನೆಗೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್. 2024ರ ಜೂನ್‌ನಿಂದ ನೆಟ್ ಅಂಕಗಳನ್ನು ಪಿಎಚ್‌ಡಿ ಪ್ರವೇಶಕ್ಕೂ ಪರಿಗಣಿಸಲಾಗುತ್ತಿದೆ. ಪಿಯು ಉಪನ್ಯಾಸಕರಾಗಬೇಕು ಅಂದ್ರೆ ಬಿಎಡ್ ಕೂಡ ಬೇಕು, ಆ ಎರಡು ವರ್ಷವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಕೆಎಎಸ್, ಐಎಎಸ್‌ಗೆ ಪದವಿ ಸಾಕು, ಎಂಎ ಬೇಕಿಲ್ಲ. ಹಾಗಿದ್ದರೂ ಹಾಸ್ಟೆಲ್, ಲೈಬ್ರರಿ ಸಿಗುತ್ತೆ ಅಂತಲೇ ಎಂಎಗೆ ಸೇರುವವರು ಬಹಳ ಜನ ಇದ್ದಾರೆ. ಹಳ್ಳಿಯ ಮನೆಯಲ್ಲಿ ಓದಲು ಒಂದು ಮೂಲೆಯೂ ಇಲ್ಲದವರನ್ನು ಅದಕ್ಕಾಗಿ ಆಡಿಕೊಳ್ಳೋದು ಸರಿಯಲ್ಲ. ಆದರೆ ಯಾತಕ್ಕೆ ಸೇರ್ತಿದ್ದೀವಿ ಅನ್ನೋದು ನಮಗಾದರೂ ಸ್ಪಷ್ಟವಾಗಿರಬೇಕು.

ಮೇಷ್ಟ್ರು ಇದ್ದಾರಾ?

ಪ್ರಾಸ್ಪೆಕ್ಟಸ್‌ನಲ್ಲಿ ಕಟ್ಟಡದ ಫೋಟೋ ಇರುತ್ತೆ. ನೀವು ನೋಡಬೇಕಾದ್ದು ಅಧ್ಯಾಪಕರ ಪಟ್ಟಿ. ಕಾಯಂ ಅಧ್ಯಾಪಕರು ಎಷ್ಟು ಜನ? ಅವರು ಯಾವುದರ ಮೇಲೆ ಕೆಲಸ ಮಾಡಿದ್ದಾರೆ? ರಾಜ್ಯದ ಸರ್ಕಾರಿ ವಿವಿಗಳಲ್ಲಿ ಹುದ್ದೆಗಳು ವರ್ಷಗಟ್ಟಲೆ ಖಾಲಿ ಬಿದ್ದಿವೆ, ಅತಿಥಿ ಉಪನ್ಯಾಸಕರೇ ಇಡೀ ವಿಭಾಗ ನಡೆಸುವ ಕಡೆಗಳೂ ಇವೆ. ಅವರಲ್ಲಿ ಅದ್ಭುತವಾಗಿ ಪಾಠ ಮಾಡುವವರಿದ್ದಾರೆ. ಆದರೆ ಮುಂದಿನ ವರ್ಷ ತಾವೇ ಇರ್ತೀವೋ ಇಲ್ವೋ ಗೊತ್ತಿಲ್ಲದವರು ನಿಮ್ಮ ಪ್ರಬಂಧಕ್ಕೆ ಎರಡು ವರ್ಷ ಮಾರ್ಗದರ್ಶನ ಮಾಡೋದು ಹೇಗೆ?

2022ರಲ್ಲಿ ಬೀದರ್, ಕೊಪ್ಪಳ, ಹಾವೇರಿ, ಚಾಮರಾಜನಗರ ಸೇರಿದಂತೆ ಹಲವು ಜಿಲ್ಲೆಗಳಿಗೆ ಹೊಸ ವಿವಿಗಳು ಬಂದವು, ಆದರೆ ಅದಕ್ಕೆ ತಕ್ಕ ಹಣವಾಗಲಿ ಹುದ್ದೆಗಳಾಗಲಿ ಬರಲಿಲ್ಲ. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿವಿಗಳನ್ನು ಮುಚ್ಚುವ ಮಾತಾಡಿತು. ಇಲ್ಲಿ ನನಗೆ ಎರಡೂ ಕಡೆಯ ಸಿಟ್ಟಿದೆ. ಮೇಷ್ಟ್ರಿಲ್ಲದ ವಿವಿ ಬರೀ ಬೋರ್ಡು. ಆದರೆ ‘ಬಸ್ಸಲ್ಲಿ ಹೋಗಿ ಬರೋ ಹಾಗಿದ್ರೆ ಓದು, ಇಲ್ಲಾಂದ್ರೆ ಮದುವೆ’ ಅನ್ನೋ ಮನೆಗಳ ಹುಡುಗಿಯರಿಗೆ ಹತ್ತಿರದ ಪಿಜಿ ಕೇಂದ್ರ ಮುಚ್ಚಿದರೆ ಓದೇ ಮುಗಿದಂತೆ.

ಯಾವ ಭಾಷೆಯಲ್ಲಿ?

ನಮ್ಮ ರಾಜ್ಯದ ವಿವಿಗಳಲ್ಲಿ ಸಮಾಜ ವಿಜ್ಞಾನದ ಎಂಎಯನ್ನು ಕನ್ನಡದಲ್ಲಿ ಬರೆಯಬಹುದು. ಇದು ಹೋರಾಟದಿಂದ ದಕ್ಕಿದ ಸವಲತ್ತು. ಆದರೆ ಭಾಷಾ ವಿಷಯಗಳನ್ನು ಬಿಟ್ಟರೆ ನೆಟ್ ಪ್ರಶ್ನೆಪತ್ರಿಕೆ ಬರೋದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕೇಂದ್ರೀಯ ವಿವಿಗಳ ಪ್ರವೇಶಕ್ಕೆ ನಡೆಯುವ ಸಿಯುಇಟಿ-ಪಿಜಿ ಕಥೆಯೂ ಅದೇ. ಅಂದರೆ ಉತ್ತರದ ವಿದ್ಯಾರ್ಥಿ ತನ್ನ ಭಾಷೆಯಲ್ಲೇ ಬರೀತಾನೆ, ಕಲಬುರಗಿಯಲ್ಲೇ ಇರುವ ಕರ್ನಾಟಕ ಕೇಂದ್ರೀಯ ವಿವಿಗೆ ಸೇರಲು ಕಲಬುರಗಿಯ ಹುಡುಗಿ ಮಾತ್ರ ಬೇರೆ ಭಾಷೆಯ ಪ್ರಶ್ನೆಪತ್ರಿಕೆ ಓದಬೇಕು. ಕೆಸೆಟ್‌ನಲ್ಲಿ ಹಲವು ವಿಷಯಗಳಿಗೆ ಕನ್ನಡದಲ್ಲೂ ಪ್ರಶ್ನೆಗಳಿರುತ್ತವೆ, ಆದರೆ ಅದರ ಅರ್ಹತೆ ರಾಜ್ಯದೊಳಗೆ ಮಾತ್ರ.

ಈ ಅನ್ಯಾಯದ ವಿರುದ್ಧ ಮಾತಾಡ್ತಲೇ ಇರೋಣ. ಅಲ್ಲಿಯವರೆಗೆ ನನ್ನ ಸಲಹೆ: ಕನ್ನಡದಲ್ಲಿ ಬರೆಯಿರಿ, ಜೊತೆಗೆ ನಿಮ್ಮ ವಿಷಯದ ಪರಿಭಾಷೆಯನ್ನು ಮೊದಲ ಸೆಮಿಸ್ಟರ್‌ನಿಂದಲೇ ಇಂಗ್ಲಿಷ್‌ನಲ್ಲೂ ಓದಿ. ಎರಡೂ ಭಾಷೆಗಳಲ್ಲಿ ಓದಿಸುವ ಅಧ್ಯಾಪಕರಿರುವ ವಿಭಾಗ ಸಿಕ್ಕರೆ ಬಿಡಬೇಡಿ.

ದುಡ್ಡಿನ ಮಾತು

ಸರ್ಕಾರಿ ವಿವಿಯ ಶುಲ್ಕ ಸಾವಿರಗಳಲ್ಲಿರುತ್ತೆ, ಹಲವು ಖಾಸಗಿ ವಿವಿಗಳದ್ದು ಲಕ್ಷಗಳಲ್ಲಿ. ಸಾಲ ಮಾಡಿ ಎಂಎ ಮಾಡುವ ಮುನ್ನ ಮೂರು ಸಲ ಯೋಚಿಸಿ, ಯಾಕಂದ್ರೆ ಇದು ಮುಗಿದ ಕೂಡಲೇ ಸಂಬಳ ಕೊಡುವ ಪದವಿ ಅಲ್ಲ. ಹಿಂದುಳಿದ ವರ್ಗಗಳವರು ಹಾಸ್ಟೆಲ್ ಸಿಗದಿದ್ದರೆ ‘ವಿದ್ಯಾಸಿರಿ’ಗೆ ಅರ್ಜಿ ಹಾಕಿ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಯವರು 371(ಜೆ) ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಆ ಭಾಗದ ರಾಜ್ಯ ಸಂಸ್ಥೆಗಳಲ್ಲಿ ಶೇ. 70, ಉಳಿದೆಡೆ ಶೇ. 8 ಸೀಟು ನಿಮಗಿವೆ. ತಹಶೀಲ್ದಾರ್ ಕಚೇರಿಯ ಒಂದು ಕಾಗದ ತಡವಾಗಿದ್ದಕ್ಕೆ ಸೀಟು ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ಇಷ್ಟೆಲ್ಲ ಸರಿ ಹೋದರೂ ಕೆಲಸ ಖಾತ್ರಿ ಅಂತ ನಾನು ಹೇಳಲಾರೆ. ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು 2021ರ ಕೊನೆಯಲ್ಲಿ, ಮತ್ತೆ 2023ರ ಕೊನೆಯಲ್ಲಿ ವಾರಗಟ್ಟಲೆ ಧರಣಿ ಕೂತದ್ದು ನೆನಪಿರಬಹುದು. ಅವರಲ್ಲಿ ನೆಟ್, ಪಿಎಚ್‌ಡಿ ಆದವರೂ ಇದ್ದರು. ಅವರ ಅರ್ಹತೆಯಲ್ಲಿ ಕೊರತೆ ಇರಲಿಲ್ಲ, ಸರ್ಕಾರ ನೇಮಕಾತಿ ಮಾಡಿರಲಿಲ್ಲ. ‘ಆರ್ಟ್ಸ್‌ಗೆ ಸ್ಕೋಪ್ ಇಲ್ಲ’ ಅನ್ನುವವರು ಈ ವ್ಯತ್ಯಾಸವನ್ನು ಮುಚ್ಚಿಡ್ತಾರೆ. ಹೀಗೆ ಹೆದರಿಸುತ್ತಾ ಹೋದರೆ ಇತಿಹಾಸ, ಸಾಹಿತ್ಯ ಓದಲು ಕೊನೆಗೆ ಉಳಿಯೋದು ಮನೆಯಲ್ಲಿ ಆಸ್ತಿ ಇರುವವರ ಮಕ್ಕಳು ಮಾತ್ರ. ಆಗ ನಮ್ಮ ಕೇರಿಯ, ನಮ್ಮ ಅಜ್ಜಿಯರ ಚರಿತ್ರೆಯನ್ನೂ ಅವರೇ ಬರೀತಾರೆ.

ಹಾಗಾಗಿ ಅರ್ಜಿ ಹಾಕುವ ಮುನ್ನ ಒಂದು ದಿನ ಆ ಕ್ಯಾಂಪಸ್ಸಿಗೆ ಹೋಗಿ ಬನ್ನಿ. ಎರಡನೇ ವರ್ಷದವರನ್ನು ಮಾತಾಡಿಸಿ. ಕಳೆದ ಸೆಮಿಸ್ಟರ್‌ನಲ್ಲಿ ಎಷ್ಟು ಕ್ಲಾಸ್ ನಡೆಯಿತು, ಲೈಬ್ರರಿ ಎಷ್ಟು ಹೊತ್ತಿಗೆ ಮುಚ್ಚುತ್ತೆ, ಹುಡುಗಿಯರ ಹಾಸ್ಟೆಲ್ ಗೇಟಿಗೆ ಎಷ್ಟು ಗಂಟೆಗೆ ಬೀಗ ಬೀಳುತ್ತೆ ಅಂತ ಕೇಳಿ. ‘ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು?’ ಅಂತ ವಿಭಾಗದಲ್ಲೂ ಕೇಳಿ. ಉತ್ತರ ಕೊಡದಿದ್ದರೆ ಹತ್ತು ರೂಪಾಯಿ ಕಟ್ಟಿ ಆರ್‌ಟಿಐ ಹಾಕಿ.