ಬೇಸರವೆಂದು ಹೋದರೆ ಡಾಕ್ಟರು ಹುರುಪಿನ ಬಗ್ಗೆ ಯಾಕೆ ಕೇಳುತ್ತಾರೆ?

ಪ್ರಶ್ನೆ: ತಮ್ಮನಿಗೆ ಖಿನ್ನತೆ ಎಂದು ತೋರಿಸಲು ಹೋದರೆ ಡಾಕ್ಟರು, "ಹಿಂದೆ ಯಾವಾಗಲಾದರೂ ನಿದ್ದೆಗೆಟ್ಟೂ ಹುರುಪಾಗಿದ್ದನಾ?" ಎಂದರು. ಯಾಕೆ?
– ಓದುಗರು, ಮಲ್ಲತ್ತಹಳ್ಳಿ

ಉತ್ತರ: ಕೇಳಲೇಬೇಕಾದ ಪ್ರಶ್ನೆ ಅದು. ಬರಿಯ ಖಿನ್ನತೆ, ಕುಗ್ಗುವುದರ ಜೊತೆಗೆ ಅತಿ ಹುರುಪಿನ ಕಾಲವೂ ಬಂದುಹೋಗುವ ಬೈಪೋಲಾರ್ ಕಾಯಿಲೆಯ ಖಿನ್ನತೆ ಎರಡೂ ಕುಗ್ಗಿದ ಹೊತ್ತಿನಲ್ಲಿ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ರಕ್ತಪರೀಕ್ಷೆ, ಸ್ಕ್ಯಾನಿಂಗ್‌ನಿಂದ ಬೇರ್ಪಡಿಸಲಾಗದು. ಸುಳಿವು ಸಿಗುವುದು ಹಿಂದಿನ ದಿನಗಳಲ್ಲಿ. ಮೂರು ಗಂಟೆ ಮಲಗಿ ಎದ್ದರೂ ದಣಿವಿಲ್ಲ, ಮಾತು ನಿಲ್ಲುವುದಿಲ್ಲ, ಸಾಲ ಮಾಡಿ ಹೊಸ ಬೈಕು. ಮನೆಯವರು ಇದನ್ನು 'ಆಗ ಚೆನ್ನಾಗಿದ್ದ' ಎಂದೇ ನೆನೆಯುತ್ತಾರೆ! ರೋಗಿಗೂ ಅದು ಕಾಯಿಲೆ ಅನ್ನಿಸಿರುವುದಿಲ್ಲ. ಅದಕ್ಕೇ ನಿಮ್ಮನ್ನೂ ಕೂರಿಸಿಕೊಂಡು ಕೇಳುವುದು.

ಯೋಚನೆಯ ಧಾಟಿಯೂ ಬೇರೆ. ನೋವನ್ನೇ ಮೆಲುಕು ಹಾಕುವುದು ಎರಡರಲ್ಲೂ ಉಂಟು. ಆದರೆ ಬೈಪೋಲಾರ್ ಇರುವ ಹಲವರು ಗೆಲುವನ್ನೂ ಹಾಗೇ ಮೆಲುಕು ಹಾಕುತ್ತಾರೆ: ಒಂದು ಶಹಬ್ಬಾಸ್ ಸಿಕ್ಕರೆ ಊರೇ ಗೆದ್ದಂತೆ. ಎಳೆ ವಯಸ್ಸಿಗೇ ಶುರುವಾಗಿದ್ದರೆ, ಅತಿ ನಿದ್ದೆಯಿದ್ದರೆ, ಮನೆತನದಲ್ಲಿ ಈ ಕಾಯಿಲೆಯಿದ್ದರೆ ಅನುಮಾನ ಹೆಚ್ಚುತ್ತದೆ.

ಎರಡನ್ನೂ ಬೇರ್ಪಡಿಸಬೇಕಾದದ್ದು ಮದ್ದಿಗಾಗಿ: ಬೈಪೋಲಾರ್‌ಗೆ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಕೆಲವರಲ್ಲಿ ಉನ್ಮಾದ, ಅಂದರೆ ಆ ಅತಿ ಹುರುಪು, ಕೆರಳಬಹುದು. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದಕ್ಕೆ ಬಳಸಿ ವರದಿ ಮಾಡಿದ ಲಿಥಿಯಂ ಇಂದಿಗೂ ಬೈಪೋಲಾರ್‌ಗೆ ಮುಖ್ಯ ಮದ್ದು. ತಮ್ಮನ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ನಿಮ್ಹಾನ್ಸ್ ಆಸ್ಪತ್ರೆ ದೂರವೆನಿಸಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ; ಕನ್ನಡದಲ್ಲೇ ಮಾತಾಡಬಹುದು.